ವಿದುರ ನೆಟ್ಟ ಅಶ್ವತ್ಥ, ಬಕ ಕಾಡಿದ ಊರು

ಸಿಂಹಾಸನದ ಜಗಳ ಎಂದೂ ಅರಮನೆಯೊಳಗೇ ಮುಗಿದಿಲ್ಲ. ರಾಮಾಯಣದಲ್ಲಿ ಒಬ್ಬ ತಾಯಿಯ ಆಸೆ ಹಿರಿಯ ಮಗನನ್ನು ಹದಿನಾಲ್ಕು ವರ್ಷ ಕಾಡಿಗಟ್ಟಿತು. ಮಹಾಭಾರತದಲ್ಲಿ ದಾಯಾದಿ ಮತ್ಸರ ಹನ್ನೆರಡು ವರ್ಷಗಳ ವನವಾಸಕ್ಕೂ ಒಂದು ವರ್ಷದ ಅಜ್ಞಾತವಾಸಕ್ಕೂ, ಕೊನೆಗೆ ಕುಲನಾಶಕ್ಕೂ ಕಾರಣವಾಯಿತು. ಇದು ಒಂದು ಧರ್ಮದವರ ಅಥವಾ ಒಂದು ಕಾಲದವರ ರೋಗವಲ್ಲ. ಷಹಜಹಾನ್ ಬದುಕಿರುವಾಗಲೇ 1658ರಲ್ಲಿ ಅವನ ಮಕ್ಕಳು ಪರಸ್ಪರ ಸೈನ್ಯ ನಿಲ್ಲಿಸಿದರು. ಮರುವರ್ಷ ಹಿರಿಯ ಮಗ ದಾರಾ ಶಿಕೋ ತಮ್ಮನ ಆಜ್ಞೆಯಂತೆ ಕೊಲೆಯಾದ. ಅವನ ಮುತ್ತಾತ ಅಕ್ಬರನು ಮಹಾಭಾರತವನ್ನು 'ರಝ್ಮ್‌ನಾಮಾ' ಎಂಬ ಹೆಸರಿನಲ್ಲಿ ಪಾರಸಿಗೆ ಅನುವಾದ ಮಾಡಿಸಿದ್ದ. ಆ ಗ್ರಂಥ ಮೊಘಲರ ಅರಮನೆಯಲ್ಲೇ ಇತ್ತು. ಅದರ ಪಾಠ ಮಾತ್ರ ಸಿಂಹಾಸನದವರೆಗೆ ತಲುಪಲಿಲ್ಲ.

ಈ ಪುರಾತನ ಕಥೆಯ ಎರಡು ಹೆಜ್ಜೆಗುರುತುಗಳನ್ನು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಜನರು ತಮ್ಮ ನೆಲದಲ್ಲೇ ತೋರಿಸುತ್ತಾರೆ. ಒಂದು ಚಿಂತಾಮಣಿ ತಾಲ್ಲೂಕಿನ ಕೈವಾರ. ಇನ್ನೊಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ.

ಏಕಚಕ್ರದ ಬಡವರ ಮನೆ

ಕೈವಾರವೇ ಮಹಾಭಾರತದ ಏಕಚಕ್ರಪುರ ಎಂಬುದು ಸ್ಥಳೀಯರ ನಂಬಿಕೆ. ಅರಗಿನ ಮನೆಯಿಂದ ಪಾರಾದ ಪಾಂಡವರು ತಾಯಿಯೊಡನೆ ವೇಷ ಮರೆಸಿಕೊಂಡು ಇಲ್ಲಿ ಬಡ ಬ್ರಾಹ್ಮಣನೊಬ್ಬನ ಮನೆಯಲ್ಲಿದ್ದರು. ಭಿಕ್ಷೆ ಬೇಡಿ ಉಂಡರು. ಊರಿನವರು ಸರದಿಯ ಮೇಲೆ ಬಕಾಸುರನಿಗೆ ಒಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯನನ್ನು ಒಪ್ಪಿಸಬೇಕಿತ್ತು. ಸರದಿ ಆ ಬ್ರಾಹ್ಮಣನ ಮನೆಗೆ ಬಂದಾಗ ಕುಂತಿ ತನ್ನ ಮಗ ಭೀಮನನ್ನು ಕಳಿಸಿದಳು. ಊರಿನ ಭೀಮಲಿಂಗೇಶ್ವರ ಗುಡಿ ಇಂದಿಗೂ ಆ ಕಥೆಯ ಹೆಸರಿನಲ್ಲಿದೆ.

ಬಂಗಾಳದ ಬೀರ್‌ಭೂಮ್ ಜಿಲ್ಲೆಯವರೂ ತಮ್ಮಲ್ಲೊಂದು ಏಕಚಕ್ರವಿದೆ ಎನ್ನುತ್ತಾರೆ. ಪಕ್ಕದ ಕೋಲಾರ ಜಿಲ್ಲೆಯ ಆವಣಿಯಲ್ಲಿ ಸೀತೆ ತನ್ನ ಎರಡನೆಯ ವನವಾಸವನ್ನು ಕಳೆದಳೆಂದೂ ಲವಕುಶರು ಅಲ್ಲೇ ಹುಟ್ಟಿದರೆಂದೂ ಹೇಳುತ್ತಾರೆ. ಅಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ನೊಳಂಬರ ಕಾಲದ ಗುಡಿಗಳಿವೆ. ಇತಿಹಾಸಕಾರ ಶಾಸನ ಕೇಳುತ್ತಾನೆ, ಕೇಳಲೇಬೇಕು. ಆದರೆ ಊರೂರಿನ ಜನ ಗೆದ್ದ ರಾಜರ ಪಟ್ಟಾಭಿಷೇಕವನ್ನಲ್ಲ, ಮನೆ ಕಳೆದುಕೊಂಡವರ ತಂಗುದಾಣವನ್ನು ತಮ್ಮದೆಂದು ಹೇಳಿಕೊಂಡಿರುವುದೂ ಗಮನಿಸಬೇಕಾದ ಇತಿಹಾಸವೇ. ರಾಜಪುತ್ರರು ನಮ್ಮಂಥವರ ಮನೆಯಲ್ಲಿ ಉಂಡರು, ನಮ್ಮ ಕಷ್ಟಕ್ಕೆ ಹೆಗಲು ಕೊಟ್ಟರು ಎಂಬ ಅಭಿಮಾನ ಆ ನಂಬಿಕೆಯಲ್ಲಿದೆ. ಬಳೆ ಮಾರುವ ಕುಟುಂಬದಲ್ಲಿ ಹುಟ್ಟಿ, ತೆಲುಗು ಕನ್ನಡಗಳೆರಡರಲ್ಲೂ ಹಾಡಿದ ಕೈವಾರದ ತಾತಯ್ಯ ಯೋಗಿ ನಾರೇಯಣರು ಇದೇ ಮಣ್ಣಿನವರು.

ನುಡಿದವನು ಒಬ್ಬನೇ

ವಿದುರನ ಕಥೆ ಇನ್ನೂ ಆಳವಾದದ್ದು. ಧೃತರಾಷ್ಟ್ರ, ಪಾಂಡು, ವಿದುರ ಮೂವರೂ ವ್ಯಾಸನ ಮಕ್ಕಳೇ. ದಾಸಿಯ ಮಗನೆಂಬ ಕಾರಣಕ್ಕೆ ವಿದುರನಿಗೆ ಪಟ್ಟದ ಹಕ್ಕಿರಲಿಲ್ಲ. ಆದರೆ ಆ ಮನೆತನದಲ್ಲಿ ನ್ಯಾಯದ ಮಾತು ಬಂದದ್ದು ಹೆಚ್ಚಾಗಿ ಅವನ ಬಾಯಿಂದಲೇ. ಅರಗಿನ ಮನೆಯ ಸಂಚನ್ನು ಅವನು ಧರ್ಮರಾಯನಿಗೆ ಸುತ್ತಲಿನವರಿಗೆ ತಿಳಿಯದ ಮಾತಿನಲ್ಲಿ ಎಚ್ಚರಿಸಿದ. ಮೂಲದಲ್ಲಿ ಅದನ್ನು ಮ್ಲೇಚ್ಛರ ಮಾತು ಎಂದೇ ಕರೆದಿದೆ. ಪರಕೀಯರದೆಂದು ತಿರಸ್ಕರಿಸಿದ ಭಾಷೆಯೇ ಪಾಂಡವರ ಪ್ರಾಣ ಉಳಿಸಿತೆಂಬುದನ್ನು ನಾವು ನೆನಪಿಡಬೇಕು.

ಜೂಜಿನ ಸಭೆಯಲ್ಲಿ ದ್ರೌಪದಿಯ ಮಾನ ಹರಾಜಾಗುವಾಗ ಭೀಷ್ಮನಂಥವನು ಧರ್ಮ ಸೂಕ್ಷ್ಮವೆಂದು ಜಾರಿಕೊಂಡ, ದ್ರೋಣ ಸುಮ್ಮನಿದ್ದ. ಅನ್ಯಾಯವೆಂದು ನೇರವಾಗಿ ಹೇಳಿದ ಹಿರಿಯ ವಿದುರನೊಬ್ಬನೇ. ಕೌರವರ ಸಾಲಿನಿಂದ ಅವನಿಗೆ ದನಿಗೂಡಿಸಿದವನು ದುರ್ಯೋಧನನ ತಮ್ಮ ವಿಕರ್ಣ. ಪಾಂಡವರು ಕಾಡಿಗೆ ಹೋದ ಮೇಲೆ ಬುದ್ಧಿ ಹೇಳಿದ್ದಕ್ಕೆ ಧೃತರಾಷ್ಟ್ರ ವಿದುರನನ್ನೂ ಹೊರಗಟ್ಟಿದ. ತಮ್ಮನಿಲ್ಲದೆ ಇರಲಾರದೆ ಮತ್ತೆ ಸಂಜಯನನ್ನು ಕಳಿಸಿ ಕರೆಸಿಕೊಂಡ. ಕುಂತಿ ಹದಿಮೂರು ವರ್ಷ ಕಳೆದದ್ದು ವಿದುರನ ಮನೆಯಲ್ಲಿ. ಐದೇ ಐದು ಹಳ್ಳಿ ಸಾಕೆಂದರೂ ದುರ್ಯೋಧನ ಒಪ್ಪಲಿಲ್ಲ. ನಮ್ಮ ಕುಮಾರವ್ಯಾಸನ ವಿದುರ ದಾಸೀಪುತ್ರನೆಂಬ ಹಂಗಿಸುವಿಕೆ ಕೇಳಿ ತನ್ನ ಬಿಲ್ಲನ್ನೇ ಮುರಿದುಹಾಕುತ್ತಾನೆ.

ಮನನೊಂದು ತೀರ್ಥಯಾತ್ರೆ ಹೊರಟ ವಿದುರ ಮೈತ್ರೇಯ ಮುನಿಯ ಮಾತಿನಂತೆ ಉತ್ತರ ಪಿನಾಕಿನಿಯ ದಡದಲ್ಲಿ ಅಶ್ವತ್ಥದ ಸಸಿ ನೆಟ್ಟನೆಂಬುದು ಈ ಕ್ಷೇತ್ರದ ಐತಿಹ್ಯ. ಸಾಲುಸಾಲು ನಾಗರಕಲ್ಲುಗಳ ನಡುವಿದ್ದ ಆ ಹಳೆಯ ಮರ 2001ರಲ್ಲಿ ಉರುಳಿಬಿತ್ತು.

ಅದೇ ನೆಲದಲ್ಲಿ 1938

ಅದೇ ಮರದ ಸನಿಹದಲ್ಲಿ 1938ರ ಏಪ್ರಿಲ್ 25ರಂದು ನಿಜವಾದ ರಕ್ತ ಹರಿಯಿತು. ಅದೇ ತಿಂಗಳು ಶಿವಪುರದಲ್ಲಿ ಆರಂಭವಾದ ಧ್ವಜ ಸತ್ಯಾಗ್ರಹ ಇಲ್ಲಿಗೂ ಹಬ್ಬಿತ್ತು. ಬರಿಗೈಯಲ್ಲಿ ಸೇರಿದ್ದ ಹಳ್ಳಿಗರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕ ಹತ್ತರ ಆಸುಪಾಸಿನಲ್ಲಿ ನಿಂತಿತು. ಜನರ ಲೆಕ್ಕ ಮೂವತ್ತನ್ನು ದಾಟಿತು. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ಈ ಊರಿಗೆ ಬಂದದ್ದು ಹೀಗೆ. ನಂತರ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ದಿವಾನ್ ಮಿರ್ಝಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಯಿತು. ಸಂಸ್ಥಾನದ ಬಾವುಟದೊಂದಿಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಎರಡು ಬಾವುಟ ಜೊತೆಯಾಗಿ ಹಾರಬಹುದಾಗಿದ್ದರೆ ಆ ಜನ ಸಾಯಬೇಕಾದ ಅಗತ್ಯವೇನಿತ್ತು? ಐದು ಹಳ್ಳಿ ಕೊಟ್ಟಿದ್ದರೆ ಕುರುಕ್ಷೇತ್ರವೇ ಬೇಕಿರಲಿಲ್ಲ. ಎರಡು ಕಡೆಯೂ ಸಂಧಾನ ಸಾಧ್ಯವಿತ್ತು. ಒಂದು ಕಡೆ ಅದು ನಡೆಯಲೇ ಇಲ್ಲ, ಇನ್ನೊಂದು ಕಡೆ ಹೆಣಗಳು ಬಿದ್ದ ಮೇಲೆ ನಡೆಯಿತು.

ನಮ್ಮ ಸಮಾಜಕ್ಕೆ ಇಂದು ಭೀಮನ ತೋಳಿಗಿಂತ ವಿದುರನ ನಾಲಿಗೆ ಹೆಚ್ಚು ಬೇಕಾಗಿದೆ. ಎದುರು ಪಕ್ಷದ ತಪ್ಪನ್ನು ಎತ್ತಿ ಹೇಳುವುದು ಸುಲಭ. ವಿದುರ ಹೇಳಿದ್ದು ತನಗೆ ಅನ್ನವಿಟ್ಟ ಅಣ್ಣನ ಮುಖಕ್ಕೆ, ತನ್ನದೇ ಮನೆಯ ಸಭೆಯಲ್ಲಿ. ನಮ್ಮ ನಮ್ಮ ಮನೆ, ಜಮಾಅತ್, ಜಾತಿ, ಪಕ್ಷಗಳ ಸಭೆಯಲ್ಲಿ ಅನ್ಯಾಯ ನಡೆಯುವಾಗ ನಾವು ಯಾರ ಸಾಲಿನಲ್ಲಿ ಕುಳಿತಿದ್ದೇವೆಂದು ಕೇಳಿಕೊಳ್ಳುವುದು ಒಳ್ಳೆಯದು.