ಶಹಾಬಾದಿ ಫರಸಿ: ಹಳೆಯ ಮನೆಗಳ ನೆಲ ಮತ್ತು ಅದರ ಜೀರ್ಣೋದ್ಧಾರ

ಮುಂಬಯಿ, ಪುಣೆ, ಸೊಲ್ಲಾಪುರ, ಹೈದರಾಬಾದುಗಳಲ್ಲಿ ನೆಲಸಿದ ಕನ್ನಡಿಗರು ದಿನಕ್ಕೆ ಹತ್ತಾರು ಸಲ ಕನ್ನಡನಾಡಿನ ಕಲ್ಲನ್ನು ತುಳಿಯುತ್ತಾರೆ. ಅದು ಅಲ್ಲಿಂದ ಬಂದುದೆಂದು ನೆನೆಯುವವರು ಮಾತ್ರ ವಿರಳ. ಮರಾಠಿಯಲ್ಲಿ ಶಹಾಬಾದಿ ಫರಶಿ ಎಂದೂ, ಮುಂಬಯಿಯ ಆಡುಮಾತಿನಲ್ಲಿ ಲಾದಿ ಎಂದೂ, ನಮ್ಮ ಉತ್ತರ ಕರ್ನಾಟಕದಲ್ಲಿ ಫರಸಿ ಎಂದೂ ಕರೆಯಲ್ಪಡುವ ಆ ಬೂದುಬಣ್ಣದ ಹಾಸುಗಲ್ಲು ಕಲಬುರಗಿ ಜಿಲ್ಲೆಯ ಶಹಾಬಾದಿನ ಸುತ್ತಲಿನ ಗಣಿಗಳದು. ಹೆಸರಿನ ವಿಷಯದಲ್ಲಿ ಒಂದು ಮಾತು. ಅರಬ್ಬಿ ಮೂಲದ ‘ಫರ್ಶ್’ ಶಬ್ದಕ್ಕೆ ಹರಡಿದ್ದು, ಹಾಸಿದ್ದು ಎಂದರ್ಥ. ಜಮಖಾನೆಗೂ ಆ ಹೆಸರು ಸಲ್ಲುತ್ತದೆ, ನೆಲಗಟ್ಟಿಗೂ ಸಲ್ಲುತ್ತದೆ. ನಮ್ಮ ಹಾಸುಗಲ್ಲು ಎಂಬ ಸಮಾಸವೂ ಅದೇ ಭಾವನೆಯಿಂದ ಹುಟ್ಟಿದ್ದು. ಹಾಸಿದ್ದನ್ನು ಎತ್ತಿ ಮರಳಿ ಹಾಸಬಹುದು. ಹಳೆಯ ನೆಲದ ಜೀರ್ಣೋದ್ಧಾರದ ಪ್ರಶ್ನೆಗೆ ಈ ಶಬ್ದಾರ್ಥ ಅಪ್ರಸ್ತುತವಲ್ಲವೆಂಬುದು ಮುಂದೆ ತಿಳಿದುಬರುವುದು.

ಹಳೆಯ ವಾಡೆಗಳನ್ನೂ ಬಂಗಲೆಗಳನ್ನೂ ಕೆಡವದೆ ಉಳಿಸಿಕೊಳ್ಳಬೇಕೆಂಬ ಅಭಿಲಾಷೆ ಈಚಿನ ದಶಕಗಳಲ್ಲಿ ಅಲ್ಲಲ್ಲಿ ಕಂಡುಬರುತ್ತಿದೆ. ಸಂತೋಷದ ಸಂಗತಿಯೇ. ಆದರೆ ಉಳಿಸಹೊರಟವರು ಸಾಗುವಾನಿಯ ಕಂಬಗಳನ್ನು ಉಳಿಸುತ್ತಾರೆ, ಇಟಲಿಯ ಅಮೃತಶಿಲೆ ಇದ್ದರೆ ಅದನ್ನು ಜೋಪಾನ ಮಾಡುತ್ತಾರೆ. ಶಹಾಬಾದಿ ಕಲ್ಲನ್ನು ಮಾತ್ರ ‘ಮೋರಿಯ ಕಲ್ಲು’ ಎಂದು ಕಿತ್ತು ಹೊರಗೆ ಹಾಕುತ್ತಾರೆ, ಇಲ್ಲವೆ ಯಂತ್ರದಿಂದ ಅರೆದು ಕನ್ನಡಿಯಂತೆ ಮಾಡುತ್ತಾರೆ. ಎರಡೂ ನಾಶದ ಮಾರ್ಗಗಳೇ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳಬೇಕಾದರೆ ಕಲ್ಲಿನ ಚರಿತ್ರೆಯಿಂದಲೇ ಆರಂಭಿಸುವುದು ಒಳಿತು.

ಭೀಮಾ ಮತ್ತು ಕಾಗಿಣಾ ನದಿಗಳ ನಡುವಣ ಪ್ರದೇಶದಲ್ಲಿ, ಐವತ್ತು ಕೋಟಿ ವರ್ಷಗಳಿಗಿಂತಲೂ ಹಿಂದೆ, ಆಳವಿಲ್ಲದ ಸಮುದ್ರದ ತಳದಲ್ಲಿ ಪದರು ಪದರಾಗಿ ಕುಳಿತ ಸುಣ್ಣದ ಕೆಸರೇ ಈ ಕಲ್ಲು. ಭೂಗರ್ಭಶಾಸ್ತ್ರಜ್ಞರು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಪದರುಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತಿರುವುದರಿಂದ ಉಳಿ, ಸುತ್ತಿಗೆ, ಬೆಣೆಗಳಿಂದಲೇ ಎಬ್ಬಿಸಿದರೆ ಸಮತಟ್ಟಾದ ಹಲಗೆಗಳು ಏಳುತ್ತವೆ. ಗರಗಸ ಬೇಡ, ಹೆಚ್ಚಿನ ಕೆತ್ತನೆ ಬೇಡ. ಅಂಚುಗಳನ್ನು ಕಡಿದು ಚೌಕ ಮಾಡಿದರೆ ನೆಲಕ್ಕೆ ಸಿದ್ಧ. ಶಹಾಬಾದಿನ ಸುತ್ತಿನ ಹಳ್ಳಿಗಳಲ್ಲಿ ಗೋಡೆಗೂ ಇದೇ, ಮಾಳಿಗೆಗೂ ಇದೇ, ಹೊಲದ ಬೇಲಿಗೂ ಇದೇ ಕಲ್ಲು. ಇದರ ಕೀರ್ತಿ ರೈಲಿನೊಡನೆ ಹುಟ್ಟಿದ್ದೇನೂ ಅಲ್ಲ. ಸನ್ನತಿಗೆ ಹೊಂದಿದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಿಂದ ಹೊರಬಂದ ಬೌದ್ಧಸ್ತೂಪದ ಶಿಲ್ಪಫಲಕಗಳು, ‘ರಾಯೋ ಅಸೋಕೋ’ ಎಂಬ ಲಿಪಿಯುಳ್ಳ ಅಶೋಕನ ಪ್ರತಿಮೆಯೂ ಸೇರಿದಂತೆ, ಅದೇ ಸೀಮೆಯ ಸುಣ್ಣಕಲ್ಲಿನವು. ನೃಪತುಂಗನ ಮಾನ್ಯಖೇಟವಾದ ಮಳಖೇಡದ ಕೋಟೆಯ ಗೋಡೆಗಳಲ್ಲಿಯೂ ಸ್ಥಳೀಯ ಸುಣ್ಣಕಲ್ಲನ್ನೇ ಕಾಣಬಹುದು.

ಆದರೆ ಪರವೂರಿನ ಸಾಮಾನ್ಯ ಗೃಹಸ್ಥನ ಮನೆಗೆ ಈ ಕಲ್ಲು ರಾಶಿರಾಶಿಯಾಗಿ ಬರುವಂತಾದದ್ದು ರೈಲಿನಿಂದ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು 1863ರಲ್ಲಿ ಬೋರಘಾಟವನ್ನು ಏರಿ, ಪುಣೆ, ಸೊಲ್ಲಾಪುರ, ಕಲಬುರಗಿ, ಶಹಾಬಾದ, ವಾಡಿಗಳ ಮೇಲೆ ಹಾದು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಗಣಿಯ ಮಗ್ಗುಲಲ್ಲಿಯೇ ನಿಲ್ದಾಣ. ಒಂದು ದಿಕ್ಕಿಗೆ ಮುಂಬಯಿ, ಇನ್ನೊಂದಕ್ಕೆ ಮದರಾಸು, ಮತ್ತೊಂದಕ್ಕೆ ಹೈದರಾಬಾದು. ಭಾರವಾದ, ಅಗ್ಗವಾದ ವಸ್ತುವಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯವೇನು ಬೇಕು? ಎತ್ತಿನ ಗಾಡಿಯ ಬಾಡಿಗೆಯಲ್ಲಿ ಕಲ್ಲಿನ ಬೆಲೆಯನ್ನು ಮೀರುತ್ತಿದ್ದ ಸಾಗಾಟವು ಈಗ ಕೈಗೆಟುಕುವಂತಾಯಿತು. ಕಲ್ಲಿನೊಡನೆ ಕಲ್ಲು ಕೆಲಸದವರೂ ಬಂದರು. ಅವರ ವಲಸೆಯ ಚರಿತ್ರೆಯನ್ನು ನಮ್ಮ ವಲಸೆಯ ಚರಿತ್ರೆಯೊಡನೆ ಸೇರಿಸಿ ಬರೆಯುವ ಕೆಲಸ ಇನ್ನೂ ಬಾಕಿಯಿದೆ.

ಈ ಇಸವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಪುಣೆಯ ವಾಡೆಗಳನ್ನು ನೋಡಿದರೆ ಒಂದು ಕುತೂಹಲಕರ ಸಂಗತಿ ಹೊರಡುತ್ತದೆ. ಎರಡನೆಯ ಬಾಜೀರಾಯನ ವಿಶ್ರಾಮಬಾಗ್ ವಾಡೆ 1807ರದು. ಆ ಕಾಲದ ವಾಡೆಗಳ ಅಡಿಪಾಯ, ಜಗಲಿ, ಚೌಕಗಳಿಗೆ ಬಳಸಿದ್ದು ಸ್ಥಳೀಯ ಬಸಾಲ್ಟ್, ಎಂದರೆ ದಖ್ಖನದ ಕರಿಗಲ್ಲು. ಒಳಕೋಣೆಗಳಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲ. ಆದಕಾರಣ ಪೇಶವೆಯರ ಕಾಲದ್ದೆಂದು ಹೇಳುವ ಮನೆಯಲ್ಲಿ ಶಹಾಬಾದಿ ನೆಲವಿದ್ದರೆ ಅದು ಬಹುಮಟ್ಟಿಗೆ 1871ರ ಈಚಿನದೆಂದೇ ಊಹಿಸಬೇಕು. ಮುಂದೆ ಸಿಮೆಂಟಿನ ಬಣ್ಣದ ಬಿಲ್ಲೆಗಳು ಬಂದವು. ಮುಂಬಯಿಯಲ್ಲಿ 1922ರಲ್ಲಿ ಸ್ಥಾಪಿತವಾದ ಭಾರತ್ ಟೈಲ್ಸ್ ಸಂಸ್ಥೆ ಅಂಥವನ್ನು ಸ್ವದೇಶಿಯ ಉತ್ಸಾಹದಿಂದಲೇ ತಯಾರಿಸಿತು. ಆಗ ಶಹಾಬಾದಿ ಕಲ್ಲು ಪಡಸಾಲೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಮೋರಿಗೆ, ಅಂಗಳಕ್ಕೆ ಹಿಂದೆ ಸರಿಯಿತು. ಒಂದೇ ಮನೆಯ ನೆಲದಲ್ಲಿ ಕರಿಗಲ್ಲು, ಶಹಾಬಾದಿ, ಬಣ್ಣದ ಬಿಲ್ಲೆ ಈ ಮೂರನ್ನೂ ಗುರುತಿಸಬಲ್ಲವನು ಆ ಮನೆಯ ನೂರೈವತ್ತು ವರ್ಷಗಳ ಜಮಾಖರ್ಚನ್ನು ಓದಿದಂತೆಯೇ.

ಹಾಗಾದರೆ ಹಳೆಯ ವಾಡೆಯಲ್ಲಿ ಶಹಾಬಾದಿ ನೆಲವು ಪರಕೀಯವಾದುದೇ? ಅದನ್ನು ತೆಗೆದು ‘ಮೂಲರೂಪ’ವನ್ನು ತರಬೇಕೆ? ಹೀಗೆ ವಾದಿಸುವ ವಾಸ್ತುವಿದರಿದ್ದಾರೆ. ಯುರೋಪಿನಲ್ಲಿ ಈ ವಾದವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಡೆದು ಮುಗಿದಿದೆ. ಜಾನ್ ರಸ್ಕಿನ್ನನು 1849ರಲ್ಲಿ ಜೀರ್ಣೋದ್ಧಾರವೆಂಬ ಹೆಸರಿನ ಪುನರ್ನಿರ್ಮಾಣವನ್ನು ಉಗ್ರವಾಗಿ ಖಂಡಿಸಿದನು. 1877ರಲ್ಲಿ ವಿಲಿಯಂ ಮಾರಿಸನು ಹಳೆಯ ಕಟ್ಟಡಗಳ ರಕ್ಷಣೆಗಾಗಿ ಸಂಘವನ್ನೇ ಕಟ್ಟಿದನು. ಹಳೆಯ ಕಲ್ಲಿನ ಮೇಲ್ಮೈಯನ್ನು ಕೆರೆದು ಹೊಸತು ಮಾಡುವ ಚಟವೇ ಆ ಸಂಘದ ಮುಖ್ಯ ಶತ್ರುವಾಗಿತ್ತು. 1964ರ ವೆನಿಸ್ ಸನ್ನದು, ಕಟ್ಟಡದಲ್ಲಿ ಎಲ್ಲ ಕಾಲಗಳ ಯೋಗ್ಯವಾದ ಕೊಡುಗೆಗಳನ್ನೂ ಗೌರವಿಸತಕ್ಕದ್ದೆಂದು ವಿಧಿಸಿತು. ಈ ನ್ಯಾಯದಂತೆ ಶಹಾಬಾದಿ ನೆಲವು ತನ್ನ ಕಾಲದ ಪ್ರಮಾಣವಾಗಿ ಉಳಿಯಲು ಅರ್ಹವಾಗಿದೆ. ರೈಲು ಬಂದುದಕ್ಕೆ ಆ ಮನೆಯಲ್ಲಿ ಬೇರೆ ಯಾವ ಸಾಕ್ಷಿಯಿದೆ?

ಇನ್ನು ಉಳಿಸುವ ಬಗೆ. ಹಳೆಯ ಕಲ್ಲುನೆಲವೆಂದರೆ ಕಲ್ಲು ಮಾತ್ರವಲ್ಲ. ಕಲ್ಲು, ಅದರ ಕೆಳಗಿನ ಗಚ್ಚಿನ ಹಾಸು, ಸಂದುಗಳಲ್ಲಿಯ ಸುಣ್ಣದ ಗಾರೆ, ಈ ಮೂರೂ ಸೇರಿ ನೆಲ. ಇವುಗಳಲ್ಲಿ ಕಲ್ಲು ಗಟ್ಟಿ, ಗಾರೆ ಮೆತ್ತಗೆ. ಹಾಗಿರಬೇಕೆಂದೇ ಹಳೆಯ ಗೌಂಡಿಗಳು ಮಾಡಿದ್ದು. ಮಳೆಗಾಲದಲ್ಲಿ ಭೂಮಿಯಿಂದ ಏರುವ ತೇವವು ದಟ್ಟವಾದ ಕಲ್ಲಿನಲ್ಲಿ ದಾರಿ ಕಾಣದೆ ಸಂದಿನ ಸುಣ್ಣದ ಮೂಲಕ ಹೊರಬಿದ್ದು ಆರಿಹೋಗುತ್ತದೆ. ತೇವದೊಡನೆ ಬಂದ ಲವಣಗಳು ಗಾರೆಯಲ್ಲಿಯೇ ಹರಳುಗಟ್ಟಿ ಅದನ್ನು ಪುಡಿಮಾಡುತ್ತವೆ. ಹೀಗೆ ಗಾರೆ ಉದುರುವುದು ದೋಷವಲ್ಲ, ಅದರ ಧರ್ಮ. ಕಲ್ಲಿನ ಬದಲು ತಾನು ಸವೆಯುವುದೇ ಅದರ ಕೆಲಸ. ಕೆಲವು ವರ್ಷಗಳಿಗೊಮ್ಮೆ ಸಂದುಗಳನ್ನು ಮತ್ತೆ ತುಂಬುತ್ತಿದ್ದರೆ ಕಲ್ಲು ತಲೆಮಾರುಗಳವರೆಗೆ ನಿಲ್ಲುತ್ತದೆ.

ಈ ವ್ಯವಸ್ಥೆಯನ್ನು ಕೆಡಿಸಿದ್ದು ಸಿಮೆಂಟು. ಸಂದಿನಲ್ಲಿ ಸಿಮೆಂಟು ತುಂಬಿದೊಡನೆ ತೇವದ ದಾರಿ ಮುಚ್ಚುತ್ತದೆ. ತೇವವು ಕಲ್ಲಿನ ಅಂಚುಗಳಿಗೂ ಪದರುಗಳ ನಡುವಿಗೂ ನುಗ್ಗುತ್ತದೆ. ಲವಣವು ಅಲ್ಲಿ ಹರಳುಗಟ್ಟಿ ಹಪ್ಪಳದಂತೆ ಪದರುಗಳನ್ನು ಎಬ್ಬಿಸುತ್ತದೆ. ಪದರುಗಳಿರುವುದರಿಂದಲೇ ಸುಲಭವಾಗಿ ಸೀಳಿಬಂದ ಕಲ್ಲು ಪದರುಗಳಿಂದಲೇ ಕೆಡುತ್ತದೆ. ಮೇಲಾಗಿ ಸಿಮೆಂಟು ಕಲ್ಲಿನ ಅಂಚಿಗೆ ಎಷ್ಟು ಬಿಗಿಯಾಗಿ ಅಂಟಿಕೊಳ್ಳುವುದೆಂದರೆ, ಮುಂದೆ ಕಲ್ಲನ್ನು ಎತ್ತಬೇಕಾದಾಗ ಅಂಚು ಮುರಿಯದೆ ಬರುವುದಿಲ್ಲ. ಇದರಲ್ಲಿ ಒಂದು ವಿಪರ್ಯಾಸವುಂಟು. ಹಾಸುಗಲ್ಲನ್ನು ಕೊಟ್ಟ ಸುಣ್ಣಕಲ್ಲಿನ ಸೀಮೆಯೇ ಸಿಮೆಂಟಿಗೂ ಕಚ್ಚಾವಸ್ತುವನ್ನು ಒದಗಿಸಿತು: ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಶಹಾಬಾದಿನಲ್ಲಿ, ಆಮೇಲೆ ವಾಡಿ, ಸೇಡಂ, ಮಳಖೇಡಗಳಲ್ಲಿ ಕಾರ್ಖಾನೆಗಳು ಎದ್ದವು. ಅಣ್ಣನ ಮನೆಯನ್ನು ತಮ್ಮನೇ ಹಾಳುಮಾಡಿದ ಕಥೆಯಂತಿದೆ ಇದು.

ಆದುದರಿಂದ ದುರಸ್ತಿಯು ಸಂದಿನಿಂದ ಆರಂಭವಾಗಬೇಕು. ಮೊದಲು ಮರದ ಕೊಡತಿಯಿಂದ ಪ್ರತಿ ಕಲ್ಲನ್ನೂ ಮೆಲ್ಲಗೆ ತಟ್ಟಿ ನೋಡಬೇಕು. ಪೊಳ್ಳು ನಾದ ಬಂದಲ್ಲಿ ಕೆಳಗಿನ ಹಾಸು ಕುಸಿದಿದೆ ಎಂದು ತಿಳಿಯಬೇಕು. ಗಟ್ಟಿಯಾಗಿ ಕೂತದ್ದನ್ನು ಕದಲಿಸಲೇಬಾರದು. ಎತ್ತಬೇಕಾದ ಕಲ್ಲುಗಳಿಗೆ ಸೀಮೆಸುಣ್ಣದಿಂದ ಅಂಕೆ ಹಾಕಿ, ನಕ್ಷೆಯಲ್ಲಿ ಗುರುತಿಸಿ, ಸಂದನ್ನು ಕೈಯುಳಿಯಿಂದಲೇ ಬಿಡಿಸಿ, ಮರದ ಬೆಣೆಯಿಂದ ಎಬ್ಬಿಸಬೇಕು. ವಿದ್ಯುತ್ತಿನ ಕತ್ತರಿಸುವ ಯಂತ್ರವು ಒಂದು ಗಳಿಗೆಯಲ್ಲಿ ಸಂದನ್ನು ತೆಗೆಯುತ್ತದೆ, ಜೊತೆಗೆ ಕಲ್ಲಿನ ಅಂಚನ್ನೂ ತೆಗೆಯುತ್ತದೆ. ಎತ್ತಿದ ಮೇಲೆ ಹಾಸನ್ನು ಸರಿಪಡಿಸಿ, ಚೆನ್ನಾಗಿ ನೆನೆಸಿ ಅರಳಿಸಿದ ಸುಣ್ಣ, ಮರಳು, ಇಟ್ಟಿಗೆಯ ಪುಡಿಯಾದ ಸುರ್ಕಿ, ಇವುಗಳ ಗಾರೆಯಲ್ಲಿ ಆ ಕಲ್ಲನ್ನೇ ಆ ಸ್ಥಳದಲ್ಲಿಯೇ ಮತ್ತೆ ಕೂಡಿಸಬೇಕು. ಸುಣ್ಣವು ಗಾಳಿಯ ಇಂಗಾಲಾಮ್ಲವನ್ನು ಹೀರಿ ನಿಧಾನವಾಗಿ ಕಲ್ಲಾಗುವ ವಸ್ತು, ಅವಸರ ಸಲ್ಲದು. ಗೋಣಿತಟ್ಟು ಹೊದಿಸಿ ಹಲವು ದಿನ ತೇವವಾಗಿಡಬೇಕು. ಗುತ್ತಿಗೆದಾರರು ಇದನ್ನು ಒಪ್ಪುವುದು ಕಷ್ಟ. ಅವರ ಲೆಕ್ಕದಲ್ಲಿ ದಿನಗಳೇ ಹಣ. ಯಜಮಾನನ ಲೆಕ್ಕದಲ್ಲಿ ತಲೆಮಾರುಗಳೂ ಸೇರಬೇಕಲ್ಲವೆ?

ಮೇಲ್ಮೈಯನ್ನು ಕುರಿತು ಹೇಳುವುದು ಕಡಮೆ, ಏಕೆಂದರೆ ಅಲ್ಲಿ ಮಾಡಬೇಕಾದುದೂ ಕಡಮೆ. ಸುಣ್ಣಕಲ್ಲಿಗೆ ಹುಳಿ ವೈರಿ. ಶೌಚಾಲಯ ತೊಳೆಯುವ ಆಮ್ಲವನ್ನು ಚೆಲ್ಲಿದರೆ ನೊರೆಗಟ್ಟಿ ಕಲ್ಲು ಕರಗುತ್ತದೆ; ಕರಿಗಲ್ಲಿನ ಮೇಲೆ ಹಾಗೆ ನೊರೆ ಏಳುವುದಿಲ್ಲ. ಅಜ್ಜಿಯರು ಮೋರಿಯಲ್ಲಿ ಕುಳಿತು ಹುಣಸೆಹಣ್ಣಿನಿಂದ ತಾಮ್ರದ ಕೊಡ ತಿಕ್ಕಿದ ಜಾಗದಲ್ಲಿ ಕಲ್ಲು ಮಂಕಾಗಿರುವುದನ್ನು ಹಳೆಯ ಮನೆಗಳಲ್ಲಿ ಈಗಲೂ ನೋಡಬಹುದು. ನೀರು, ಮೃದುವಾದ ಸಾಬೂನು, ನಾರಿನ ಕುಂಚ, ಇಷ್ಟೇ ಸಾಕು. ಎಣ್ಣೆಯ ಕಲೆಗೆ ಜೇಡಿಯ ಲೇಪ ಹಾಕಿ, ಅದು ಆರುತ್ತ ಕಲೆಯನ್ನು ಹೀರುವಂತೆ ಬಿಡಬೇಕು. ಯಂತ್ರದಿಂದ ಅರೆದರೆ ಪದರು ಸೀಳಿದಾಗ ಬಂದ ಸಹಜವಾದ ಮುಖವು ಶಾಶ್ವತವಾಗಿ ಹೋಗುತ್ತದೆ, ಒದ್ದೆಯಾದಾಗ ಕಾಲು ಜಾರುತ್ತದೆ. ಅದರ ಮೇಲೆ ಬಳಿಯುವ ರಾಸಾಯನಿಕ ಮೆರುಗು ಸಿಮೆಂಟು ಮಾಡಿದ ಕೆಲಸವನ್ನೇ ಮೇಲಿನಿಂದ ಮಾಡುತ್ತದೆ. ಹೊಸ್ತಿಲ ಬಳಿಯ ತಗ್ಗು, ಒಲೆಯ ಮುಂದಿನ ನುಣುಪು, ಇವು ನೆಲದ ರೋಗವೆಂದು ತಿಳಿಯುವವರಿಗೆ ಹೊಸ ಮನೆಯೇ ವಾಸಿ.

ಮನೆಯ ಮುಖಕ್ಕೂ ಈ ವಿವೇಕವೇ ಅನ್ವಯಿಸುತ್ತದೆ. ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಮಾಲಾಡದ ಹಳದಿಛಾಯೆಯ ಕಲ್ಲು, ಪೋರಬಂದರದ ಮೆತ್ತನೆಯ ಸುಣ್ಣಕಲ್ಲು, ಕರಿಗಲ್ಲು, ಇವು ಒಂದೊಂದೂ ಒಂದೊಂದು ಸ್ವಭಾವದವು. ಮರಳು ಸಿಡಿಸಿ ತೊಳೆಯುವ ಕ್ರಮವನ್ನು ಕರಿಗಲ್ಲು ತಾಳಿದರೂ ಪೋರಬಂದರದ ಕೆತ್ತನೆ ತಾಳದು. ಮುಖಕ್ಕೆ ಬಣ್ಣ ಬಳಿದಲ್ಲಿ ಒಳಗಿನ ತೇವ ಹೊರಬರಲಾರದೆ ಕಲ್ಲು ಒಳಗೇ ಕೊಳೆಯುವುದುಂಟು. ಮುಖಕ್ಕಾದರೂ ಕಾಯಿದೆಯ ಬೆಂಬಲವಿದೆ. ಮುಂಬಯಿಯ ಪಾರಂಪರಿಕ ಕಟ್ಟಡಗಳ ನಿಯಮಗಳು ಬೀದಿಗೆ ಕಾಣುವ ರೂಪವನ್ನು ಕಾಯುತ್ತವೆ. ಮೂರನೆಯ ದರ್ಜೆಯ ಮನೆಗಳ ಒಳಗೆ ಮಾರ್ಪಾಡಿಗೆ ಹೆಚ್ಚಿನ ಅಡ್ಡಿಯಿಲ್ಲ. ನೆಲದ ರಕ್ಷಣೆ ಮನೆಯವರ ತಿಳಿವಳಿಕೆಗೇ ಬಿಟ್ಟದ್ದು.

ಒಡೆದ ಕಲ್ಲಿಗೆ ಬದಲಿ ಹುಡುಕುವುದು ಕಡೆಯ ತೊಡಕು. ಈಗ ಅಂಗಡಿಯಲ್ಲಿ ದೊರೆಯುವ ಶಹಾಬಾದಿ ಬಹುಮಟ್ಟಿಗೆ ಯಂತ್ರದಿಂದ ಅಂಚು ಕತ್ತರಿಸಿ ಮೆರುಗು ಕೊಟ್ಟದ್ದು. ಕೈಯಿಂದ ಕಡಿದ ಹಳೆಯ ಕಲ್ಲಿನ ನಡುವೆ ಅದು ಹೊಲಿದ ತೇಪೆಯಂತೆ ಎದ್ದು ಕಾಣುತ್ತದೆ. ತಾಂಡೂರಿನ ಕಲ್ಲು ಬಂಧುವೇ ಆದರೂ ಬಣ್ಣ ಹೊಂದಿಸಿ ನೋಡಿಯೇ ತರಬೇಕು. ರಾಜಸ್ಥಾನದ ಕೋಟಾ ಕಲ್ಲಂತೂ ಇಲ್ಲಿಗೆ ಸಲ್ಲದು. ಆ ಮನೆಯ ಹಿತ್ತಲಲ್ಲಿಯೋ ಅಟ್ಟದ ಮೂಲೆಯಲ್ಲಿಯೋ ಮಿಕ್ಕ ಕಲ್ಲುಗಳಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಅದೂ ಇಲ್ಲದಿದ್ದರೆ ಕೆಡವಿದ ಮನೆಗಳ ಸಾಮಾನು ಮಾರುವ ಸ್ಥಳಗಳಿಗೆ ಹೋಗಬೇಕು. ಕಂಬ, ಬಾಗಿಲು, ಗಿಲೀಟಿನ ಕನ್ನಡಿಗಳನ್ನು ಅಲ್ಲಿ ಒಳಗೆ ಜೋಡಿಸಿಟ್ಟಿರುತ್ತಾರೆ. ಶಹಾಬಾದಿ ಕಲ್ಲುಗಳನ್ನು ಹೊರಗೆ, ಗೋಡೆಗೆ ಒರಗಿಸಿಟ್ಟಿರುತ್ತಾರೆ. ಅವುಗಳ ಬೆನ್ನಿಗೆ ಸುಣ್ಣದ ಗಾರೆ ಅಂಟಿದ್ದರೆ ಅಂಥವನ್ನೇ ಆರಿಸಿಕೊಳ್ಳಬೇಕು, ಸಿಮೆಂಟು ಅಂಟಿದ್ದರೆ ಬಿಡಬೇಕು.