ಒಡ್ಡು: ಕರ್ನಾಟಕದ ಹೊಲಗಳಲ್ಲಿ ಮಣ್ಣು-ನೀರಿನ ರಕ್ಷಣೆ

ಮಳೆನೀರು ಹೊಲದ ಮೇಲ್ಮಣ್ಣನ್ನು ಕೊಚ್ಚಿ ಒಯ್ಯದಂತೆ ಇಳಿಜಾರಿಗೆ ಅಡ್ಡಲಾಗಿ ಹಾಕುವ ಮಣ್ಣಿನ ಏರಿಯೇ ಒಡ್ಡು. ಹಳೆ ಮೈಸೂರಿನ ಕಡೆ ಇದನ್ನು ಬದು ಎನ್ನುತ್ತಾರೆ. ರೈತರು ಇದನ್ನು ತಲೆತಲಾಂತರದಿಂದ ತಾವೇ ಹಾಕಿಕೊಂಡು ಬಂದವರು. ಸರ್ಕಾರ ಇದನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡದ್ದು ಮಾತ್ರ 20ನೇ ಶತಮಾನದಲ್ಲಿ.

ಮುಂಬೈ ಪ್ರಾಂತಕ್ಕೆ ಸೇರಿದ್ದ ಬಿಜಾಪುರದಲ್ಲಿ 1930ರ ದಶಕದಲ್ಲಿ ಒಣಬೇಸಾಯ ಸಂಶೋಧನೆ ಆರಂಭವಾಯಿತು. ಅಮೆರಿಕದಲ್ಲಿ ಧೂಳಿನ ಬಿರುಗಾಳಿಗೆ ಬೆದರಿ 1935ರಲ್ಲಿ ಮಣ್ಣು ಸಂರಕ್ಷಣಾ ಇಲಾಖೆ ಹುಟ್ಟಿದ್ದೂ ಇದೇ ಹೊತ್ತಿನಲ್ಲಿ. 1942ರ ಮುಂಬೈ ಭೂ ಅಭಿವೃದ್ಧಿ ಯೋಜನೆಗಳ ಕಾಯ್ದೆ ಒಂದು ಪ್ರದೇಶದ ಹೊಲಗಳನ್ನೆಲ್ಲ ಒಟ್ಟಾಗಿ ಹಿಡಿದು ಒಡ್ಡು ಹಾಕಲು ದಾರಿ ಮಾಡಿತು. ಬರಗಾಲದಲ್ಲಿ ಈ ಕೆಲಸವೇ ಕೂಲಿಯೂ ಆಯಿತು.

ತೊಡಕು ಹುಟ್ಟಿದ್ದು ಒಡ್ಡು ಸಾಗುವ ಗೆರೆಯಲ್ಲಿ. ಎಂಜಿನಿಯರರ ಒಡ್ಡು ಸಮಪಾತಳಿಯನ್ನು, ಅಂದರೆ ಒಂದೇ ಎತ್ತರದ ಗೆರೆಯನ್ನು, ಅನುಸರಿಸಿ ಹೊಲದ ನಡುವೆಯೇ ಬಾಗಿ ಸಾಗುತ್ತಿತ್ತು. ರೈತನ ಕುಂಟೆ, ಕೂರಿಗೆಗಳಿಗೆ ಹೊಲದ ಮೇರೆಯೇ ಗೆರೆ. ಆಳವಾದ ಕಪ್ಪುಮಣ್ಣಿನ ಎರೆಭೂಮಿಯಲ್ಲಂತೂ ಬೇಸಿಗೆಗೆ ಒಡ್ಡಿನಲ್ಲಿ ಬಿರುಕು ಬಿಟ್ಟು, ಮಳೆಗೆ ಅಲ್ಲೇ ಒಡೆಯುತ್ತಿತ್ತು. ಒಡೆಯದೆ ಉಳಿದರೆ ಮೇಲ್ಬದಿಯಲ್ಲಿ ನೀರು ನಿಂತು ಬೆಳೆ ಕೊಳೆಯುತ್ತಿತ್ತು. ರೈತ ಗುದ್ದಲಿ ಹಿಡಿದು ಒಡ್ಡನ್ನು ಕಡಿದರೆ ಅದು ಅಜ್ಞಾನವಲ್ಲ, ಲೆಕ್ಕಾಚಾರ. 1954ರಲ್ಲಿ ಬಳ್ಳಾರಿಯಲ್ಲಿ ಸ್ಥಾಪನೆಯಾದ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರದ ಅನುಭವವೂ ಅದನ್ನೇ ಹೇಳಿತು: ಎರೆಭೂಮಿಯಲ್ಲಿ ನೀರನ್ನು ತಡೆದು ನಿಲ್ಲಿಸುವುದಕ್ಕಿಂತ ಸಣ್ಣ ಇಳಿಜಾರು ಕೊಟ್ಟು ನಿಧಾನವಾಗಿ ಹೊರಬಿಡುವ ಒಡ್ಡೇ ಮೇಲು.

1980ರ ದಶಕದಲ್ಲಿ ಒಂಟಿ ಹೊಲದಿಂದ ಹಳ್ಳದ ಇಡೀ ಜಲಾನಯನಕ್ಕೆ ದೃಷ್ಟಿ ಹೊರಳಿತು. ಕನಕಪುರ ತಾಲ್ಲೂಕಿನ ಕಬ್ಬಾಳನಾಲಾದಲ್ಲಿ ವಿಶ್ವಬ್ಯಾಂಕ್ ನೆರವಿನ ಪ್ರಯೋಗ ನಡೆಯಿತು. ಮಣ್ಣನ್ನು ಹಿಡಿದಿಡುವ ಲಾವಂಚದ ಹುಲ್ಲಿನ ಬೇಲಿಯನ್ನು ಆಗ ಪರಿಣತರು ಜಗತ್ತಿಗೇ ಶಿಫಾರಸು ಮಾಡಿದರು. ಗುಂಡ್ಲುಪೇಟೆಯ ಕಡೆಯ ರೈತರು ಅದನ್ನು ಎಷ್ಟೋ ಕಾಲದಿಂದ ಬದುವಿನ ಮೇಲೆ ಬೆಳೆಸುತ್ತಿದ್ದರು. ಗುಲ್ಬರ್ಗದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯು ಯೋಜನೆಯ ಮಾತುಕತೆಗೆ ಹಳ್ಳಿಗರನ್ನೇ ಕೂರಿಸಿತು.

2000ದಲ್ಲಿ ಜಲಾನಯನ ಅಭಿವೃದ್ಧಿ ಇಲಾಖೆ ರೂಪುಗೊಂಡಿತು. ಮರುವರ್ಷ ಶುರುವಾದ ಸುಜಲ ಯೋಜನೆಯ ಮೊದಲ ಹಂತ ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ 2009ರವರೆಗೆ ನಡೆಯಿತು. ಅಕ್ಕಪಕ್ಕದ ಹೊಲದವರು ಗುಂಪಾಗಿ ಕುಳಿತು, ಸರ್ವೆ ನಂಬರಿಗೊಂದರಂತೆ ಎಲ್ಲಿ ಒಡ್ಡು, ಎಲ್ಲಿ ಹೊಂಡ, ಎಲ್ಲಿ ಗಿಡ ಎಂದು ತೀರ್ಮಾನಿಸಿದರು. ವೆಚ್ಚದಲ್ಲಿ ತಮ್ಮ ಪಾಲನ್ನೂ ಹಾಕಿದರು. ರೈತರೇ ತೀರ್ಮಾನಿಸುವ ಈ ರೀತಿ 1942ರ ಕಾಯ್ದೆಗಿಂತ ಬಹುದೂರ ಸಾಗಿದ ಹೆಜ್ಜೆ. ಮುಂದೆ ಬಂದ ಯೋಜನೆಯ ಮೂರನೆಯ ಹಂತದಲ್ಲಿ ಮಣ್ಣಿನ ಆಳ, ಇಳಿಜಾರು, ಪೋಷಕಾಂಶಗಳ ವಿವರವಾದ ನಕ್ಷೆಗಳು ತಯಾರಾದವು.

2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆ, ಒಣಭೂಮಿಯ ರೈತರಿಗೆ ಮಳೆನೀರು ಹಿಡಿದಿಡುವ ಕೃಷಿಹೊಂಡ ತೋಡಿಸಲು ಸಹಾಯಧನ ಕೊಟ್ಟಿತು. ಕೆಂಪುಮಣ್ಣಿನಲ್ಲಿ ನೀರು ಬೇಗ ಇಂಗುವುದರಿಂದ ಹೊಂಡಕ್ಕೆ ಪ್ಲಾಸ್ಟಿಕ್ ಹೊದಿಕೆ ಬೇಕಾಗುತ್ತದೆ. ಈಗ ಕೃಷಿಹೊಂಡದ ಅರ್ಜಿಗೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ಉದ್ಯೋಗ ಖಾತರಿ ಯೋಜನೆಯಲ್ಲಿ ಸಣ್ಣ ಹಿಡುವಳಿದಾರರ ಹೊಲದ ಬದು ನಿರ್ಮಾಣಕ್ಕೆ ಗ್ರಾಮ ಪಂಚಾಯಿತಿಗೆ.