ಪಿಸ್ಟನ್ ಎಷ್ಟು ಬಿಗಿ, ಎಲ್ಲಿ ಬಿಗಿ? ಸಣ್ಣ ಡೀಸೆಲ್ ಇಂಜಿನ್‌ನ ಅಳತೆ ಬೆಳೆದ ಬಗೆ

ಸಣ್ಣ ಡೀಸೆಲ್ ಇಂಜಿನ್ ಬಿಚ್ಚಿ ಮತ್ತೆ ಕಟ್ಟುವಾಗ ಕೇಳುವ ಮೊದಲ ಪ್ರಶ್ನೆ ಪಿಸ್ಟನ್‌ಗೂ ಸಿಲಿಂಡರ್‌ಗೂ ನಡುವೆ ಸಂದು ಎಷ್ಟಿದೆ ಎಂಬುದು. ಎರಡೂವರೆ ಶತಮಾನಗಳಲ್ಲಿ ಈ ಪ್ರಶ್ನೆಗೆ ಬಾಲ ಬೆಳೆಯುತ್ತ ಬಂದಿದೆ: ಯಾವ ಎತ್ತರದಲ್ಲಿ, ಯಾವ ದಿಕ್ಕಿನಲ್ಲಿ, ಎಷ್ಟು ಬಿಸಿಯಲ್ಲಿ ಅಳೆದಿರಿ?

ಶುರುವಾದದ್ದು ಉಗಿಯಂತ್ರದಿಂದ. ಜೇಮ್ಸ್ ವಾಟ್‌ನ ಇಂಜಿನ್‌ಗಳಿಗೆ ಸಿಲಿಂಡರ್ ಕೊರೆದುಕೊಟ್ಟವನು ಜಾನ್ ವಿಲ್ಕಿನ್ಸನ್. 50 ಇಂಚಿನ ಸಿಲಿಂಡರ್ ಎಲ್ಲಿಯೂ ಹಳೆಯ ಷಿಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲವೆಂದು 1776ರಲ್ಲಿ ಮ್ಯಾಥ್ಯೂ ಬೋಲ್ಟನ್ ಮೆಚ್ಚಿ ಬರೆದ. ಉಳಿದ ಸಂದನ್ನು ಕೊಬ್ಬು ಸವರಿದ ನಾರು ಮುಚ್ಚುತ್ತಿತ್ತು. 1848ರಲ್ಲಿ ಫ್ರಾನ್ಸಿನ ಪಾಮರ್ ಮೈಕ್ರೋಮೀಟರ್‌ಗೆ ಪೇಟೆಂಟ್ ಪಡೆದ. 1850ರ ದಶಕದಲ್ಲಿ ಜಾನ್ ರಾಮ್ಸ್‌ಬಾಟಮ್ ಸೀಳಿದ ಲೋಹದ ರಿಂಗ್ ತಂದ. ಅಲ್ಲಿಂದ ಕೆಲಸ ಎರಡಾಯಿತು: ಸೋರಿಕೆ ತಡೆಯುವುದು ರಿಂಗ್‌ನ ಪಾಲು, ನೇರವಾಗಿ ಓಡುವುದು ಪಿಸ್ಟನ್‌ನ ಪಾಲು.

1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್‌ನ 250 ಮಿ.ಮೀ. ಬೋರ್‌ನ ಇಂಜಿನ್ ಪರೀಕ್ಷೆ ಗೆದ್ದ ಮೇಲೆ ಈ ಲೆಕ್ಕ ಬಿಗಿಯಾಯಿತು. ಇಲ್ಲಿ ಕಿಡಿ ಹಚ್ಚುವ ಪ್ಲಗ್ ಇಲ್ಲ. ಗಾಳಿ ಅದುಮಿದಾಗ ಹುಟ್ಟುವ ಬಿಸಿಯೇ ಇಂಧನವನ್ನು ಹೊತ್ತಿಸಬೇಕು. ಕಂಪ್ರೆಷನ್ ಸೋರಿದರೆ ಇಂಜಿನ್ ಸ್ಟಾರ್ಟ್ ಆಗುವುದೇ ಕಷ್ಟ.

ಮುಂದಿನ ತಿರುವು ಅಲ್ಯೂಮಿನಿಯಂ ಪಿಸ್ಟನ್. ಬಿಸಿಗೆ ಅದು ಬೀಡುಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕೇ ಪಿಸ್ಟನ್‌ನ ತಲೆಯ ಕಡೆ ಕಿರಿದು. ಸ್ಕರ್ಟ್ ಪೂರ್ತಿ ದುಂಡಗಿರದೆ ಪಿನ್ ಇರುವ ದಿಕ್ಕಿನಲ್ಲಿ ತುಸು ಸಣ್ಣದು. ಆದ್ದರಿಂದ ಪಿಸ್ಟನ್ ಅಳೆಯಬೇಕಾದದ್ದು ತಯಾರಕರು ಹೇಳಿದ ಎತ್ತರದಲ್ಲಿ, ಸ್ಕರ್ಟ್‌ನ ಮೇಲೆ, ಪಿನ್‌ಗೆ ಅಡ್ಡಲಾಗಿ. ತಲೆಯ ಬಳಿ ಫೀಲರ್ ಗೇಜ್ ತೂರಿಸಿ ನೋಡಿದರೆ ಇಲ್ಲದ ಸಡಿಲ ಕಾಣುತ್ತದೆ. ಉದ್ದಳತೆಗೆ 20 ಡಿಗ್ರಿ ಸೆಲ್ಸಿಯಸ್ ಅಂತರರಾಷ್ಟ್ರೀಯ ಆಧಾರವಾದದ್ದು 1931ರಲ್ಲಿ. ಕರ್ನಾಟಕದ ಹೊಲಗಳಿಗೆ ಪರಿಚಿತವಾದ ಕಿರ್ಲೋಸ್ಕರ್ ಎವಿ1ರ ಬೋರ್ 80 ಮಿ.ಮೀ. ಆ ಅಳತೆಯ ಜೋಡಿಯನ್ನು ಬೇಸಿಗೆಯ 35 ಡಿಗ್ರಿಯಲ್ಲಿ ಅಳೆದರೆ ಸಂದು ಸುಮಾರು 0.01 ಮಿ.ಮೀ. ಕಡಿಮೆ ಕಾಣುತ್ತದೆ. ಈಗಷ್ಟೇ ಬಿಸಿನೀರಿನಲ್ಲಿ ತೊಳೆದ ಪಿಸ್ಟನ್ ಅಳೆದವರ ಲೆಕ್ಕ ಇನ್ನೂ ತಪ್ಪುತ್ತದೆ.

ಸಿಲಿಂಡರ್ ಕೂಡ ಒಂದೇ ಸಮ ಸವೆಯುವುದಿಲ್ಲ. ಮೇಲಿನ ರಿಂಗ್ ಹಿಂತಿರುಗುವ ಜಾಗದಲ್ಲಿ ಒತ್ತಡವೂ ಬಿಸಿಯೂ ಹೆಚ್ಚು, ಎಣ್ಣೆ ಕಡಿಮೆ. ಸವೆತ ಅಲ್ಲೇ ಹೆಚ್ಚು. ಹಾಗಾಗಿ ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಕ್ರ್ಯಾಂಕ್‌ನ ಉದ್ದಕ್ಕೆ ಮತ್ತು ಅಡ್ಡಕ್ಕೆ, ಒಟ್ಟು ಆರು ಅಳತೆ ಬೇಕು. ಮೈಕ್ರೋಮೀಟರ್‌ಗೆ ಸೊನ್ನೆ ಹೊಂದಿಸಿದ ಬೋರ್ ಡಯಲ್ ಗೇಜ್ ಇದನ್ನು ಸುಲಭ ಮಾಡಿತು. ಅದಿಲ್ಲದ ಗ್ಯಾರೇಜಿನ ಉಪಾಯವೂ ಗಟ್ಟಿಯೇ: ರಿಂಗ್ ಒಂದನ್ನೇ ಬೋರ್‌ನಲ್ಲಿಟ್ಟು, ಪಿಸ್ಟನ್ನಿಂದ ತಳ್ಳಿ ನೇರ ಮಾಡಿ, ಮೇಲೂ ಕೆಳಗೂ ಅದರ ತುದಿಗಳ ಗ್ಯಾಪ್ ಅಳೆಯುವುದು. ಎರಡರ ವ್ಯತ್ಯಾಸ 0.30 ಮಿ.ಮೀ. ಬಂದರೆ 3.14ರಿಂದ ಭಾಗಿಸಿ, ಬೋರ್ ಮೇಲೆ ಸುಮಾರು 0.1 ಮಿ.ಮೀ. ಅಗಲವಾಗಿದೆ. ಆದರೆ ಬೋರ್ ಮೊಟ್ಟೆಯಾಕಾರ ತಾಳಿದ್ದರೆ ಈ ಉಪಾಯಕ್ಕೆ ಅದು ಗೊತ್ತಾಗದು.

ಅಳತೆಯ ನಂತರ ಬಂದದ್ದು ಮೈಯ ಪ್ರಶ್ನೆ. ಗೋಡೆಯ ಉಬ್ಬುತಗ್ಗನ್ನು ರೇಖೆಯಾಗಿಸುವ ವಿಧಾನವನ್ನು ಅಬಟ್ ಮತ್ತು ಫೈರ್‌ಸ್ಟೋನ್ 1933ರಲ್ಲಿ ಕೊಟ್ಟರು. ಹೋನಿಂಗ್‌ನ ಹೆಣೆದ ಗೀರುಗಳು ಎಣ್ಣೆ ಹಿಡಿಯಬೇಕು, ಅವುಗಳ ಚೂಪು ತುದಿಗಳು ಹೋಗಿರಬೇಕು ಎಂಬ ಇಂದಿನ ತಿಳಿವಳಿಕೆಯನ್ನು ಅಂಥ ರೇಖೆಗಳಲ್ಲೇ ಓದಿ ನೋಡುತ್ತಾರೆ. ಕನ್ನಡಿಯಂತೆ ಹೊಳೆಯುವ ಹಳೆಯ ಬೋರ್‌ಗೆ ಹೊಸ ರಿಂಗ್ ಹಾಕಿದರೆ ಅದು ಕೂರದೆ ಎಣ್ಣೆ ಸುಡುವುದು ಇದರಿಂದಲೇ.

ಇಂದು ಪಿಸ್ಟನ್, ಲೈನರ್, ರಿಂಗ್ ಒಟ್ಟಿಗೆ ಕಿಟ್ ಆಗಿ ಸಿಗುತ್ತವೆ. ಜೋಡಿ ಹೊಂದಿಸುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಆದರೂ ಕಾರ್ಖಾನೆ ಅಳೆದದ್ದು ಬಿಡಿ ಲೈನರನ್ನು. ಬ್ಲಾಕ್‌ನ ಕೊಳೆಯೋ ಅತಿ ಬಿಗಿಯೋ ಅದನ್ನು ಒಂದು ಕಡೆ ಹಿಂಡಿದರೆ ಹೊಸ ಪಿಸ್ಟನ್ ಕೂಡ ಸೀಜ್ ಆದೀತು. ಹಾಗಾಗಿ ಆ ಆರು ಅಳತೆಗಳನ್ನು ತೆಗೆದುಕೊಳ್ಳಬೇಕಾದದ್ದು ಲೈನರ್ ಬ್ಲಾಕ್‌ನಲ್ಲಿ ಕೂತ ಮೇಲೆ.